ತಾಳ ಹಿಡಿದು ಪಕ್ಕಕ್ಕೆ ಕುಳಿತವರು

ಅವರ ಬಲಗೈ ತೋರುಬೆರಳಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ನೋಡಿದವರು ಉಂಗುರ ತೆಗೆದಿಟ್ಟ ಗುರುತು ಅಂದುಕೊಳ್ಳಬೇಕು. ಅದು ಉಂಗುರದ್ದಲ್ಲ, ತಾಳದ ದಾರದ್ದು. ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ವರ್ಷಗಟ್ಟಲೆ ತಾಳ ಹಾಕಿ ಅಲ್ಲಿನ ಚರ್ಮ ಹಳೆಯ ಚಪ್ಪಲಿಯ ಅಂಚಿನಂತೆ ಗಟ್ಟಿಯಾಗಿಬಿಟ್ಟಿತ್ತು. ದಿನಾ ಎಣ್ಣೆ ಹಚ್ಚಿಕೊಂಡರೆ ಹೋಗುತ್ತದೆ ಎಂದು ಮೊದಲ ವರ್ಷ ನಾನು ಜಾಣತನ ತೋರಿಸಿದಾಗ ಅವರು ಬೆರಳನ್ನು ಹಿಂದೆಗೆದುಕೊಂಡು, "ಹೋಗಬಾರದವಾ ಅದು. ಅದು ಹೋದ್ರ ದಾರ ಜಾರ್ತದ" ಅಂದಿದ್ದರು.

ನಾವೆಲ್ಲ ಅವರನ್ನು ಅಕ್ಕೋರು ಅನ್ನುತ್ತಿದ್ದೆವು. ನಾನು ಕಲಬುರಗಿಯಲ್ಲಿ ಭರತನಾಟ್ಯದ ಡಿಗ್ರಿಗೆ ಸೇರಿದಾಗ ಅವರು ನಮ್ಮ ಕಾಲೇಜಿನಲ್ಲಿ ನಟ್ಟುವಾಂಗ ಮಾಡುತ್ತಿದ್ದರು. ನರ್ತಕಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಕೈಯಲ್ಲಿ ತಾಳ ಹಾಕುತ್ತ, ಬಾಯಲ್ಲಿ ತಕಧಿಮಿ ಎಂದು ಜತಿ ಹೇಳುತ್ತ ಇಡೀ ನೃತ್ಯವನ್ನು ನಡೆಸಿಕೊಂಡು ಹೋಗುವ ಕೆಲಸ ಅದು. ಜನಕ್ಕೆ ಅಂಥದೊಂದು ಕೆಲಸ ಇದೆ ಎಂಬುದೇ ಗೊತ್ತಿಲ್ಲ. ಶಹಾಬಜಾರದ ನಮ್ಮ ಓಣಿಯಲ್ಲಂತೂ "ಕುಣಿಯಾಕೂ ಡಿಗ್ರಿ ಓದಬೇಕೇನು?" ಎಂದು ನನ್ನನ್ನೇ ಕೇಳದವರಿಲ್ಲ. ಇನ್ನು ತಾಳ ಹಾಕುವವರ ಬಗ್ಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಅಕ್ಕೋರ ಮನೆ ಕಮಲಾಪುರದಲ್ಲಿ. ಹೊಲ, ಬಾಳೆ ತೋಟ ಇದ್ದ ಮನೆ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಒಂದು ಚೀಲದಲ್ಲಿ ತಾಳ, ಇನ್ನೊಂದರಲ್ಲಿ ಪೇಪರಿನಲ್ಲಿ ಸುತ್ತಿದ ಕೆಂಪು ಬಾಳೆಹಣ್ಣು. ಕ್ಲಾಸು ಮುಗಿಯುವವರೆಗೆ ಆ ಎರಡನೆಯ ಚೀಲ ಮುಟ್ಟುವಂತಿರಲಿಲ್ಲ. "ಹೊಟ್ಟಿ ತುಂಬಿದ್ರ ಕಾಲು ಏಳಂಗಿಲ್ಲ" ಎಂದು ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಿದ್ದರು. ಹಣ್ಣಿನ ವಾಸನೆ ನಮ್ಮ ಮೂಗಿಗೆ ಬಡಿಯುತ್ತಲೇ ಇರುತ್ತಿತ್ತು. ಕೊನೆಗೆ ಹಂಚುವಾಗ ಯಾರ ಕಾಲು ಆ ದಿನ ಸರಿಯಾಗಿ ಬಿದ್ದಿತ್ತೋ ಅವರಿಗೆ ದೊಡ್ಡ ಹಣ್ಣು. ನನಗೆ ಬಹಳ ದಿನ ಸಣ್ಣದೇ ಸಿಕ್ಕಿತು, ಅದಕ್ಕೆ ಸಿಟ್ಟೂ ಬರುತ್ತಿತ್ತು.

ಅಭಿನಯ, ಅಂದರೆ ಮುಖದಲ್ಲಿ ಭಾವ ತರುವುದನ್ನು, ಬೇರೆ ಮೇಡಂ ಎದುರಿಗೆ ಕುಳಿತು ಕಲಿಸುತ್ತಿದ್ದರು. ಅಕ್ಕೋರ ಜಾಗ ಯಾವಾಗಲೂ ಗೋಡೆಯ ಪಕ್ಕ. ಅವರ ಕಣ್ಣು ನಮ್ಮ ಪಾದ ಬಿಟ್ಟು ಮೇಲೆ ಬರುತ್ತಿರಲಿಲ್ಲ. ನಾನು ಮೊದಮೊದಲು ಹೆದರಿ ನಡುನಡುವೆ ಅವರತ್ತ ನೋಡುತ್ತಿದ್ದೆ. ತಲೆ ಎತ್ತದೆಯೇ ಗದರುತ್ತಿದ್ದರು. "ನನ್ನ ಕಡೆ ಏನು ಅದ ನೋಡೂದು? ಕಿವಿ ಇತ್ತ ಕೊಡು, ಮಾರಿ ಜನರಿಗೆ ಕೊಡು." ಕಿವಿ ತಾಳಕ್ಕೆ, ಮುಖ ಜನರಿಗೆ. ಕೈಯಲ್ಲಿ ತಾಳ ಹಿಡಿದಾಗೆಲ್ಲ ಜತಿ ಬಿಟ್ಟರೆ ಅವರಿಂದ ಬರುತ್ತಿದ್ದ ಮಾತು ಇದೊಂದೇ.

ಎರಡನೆಯ ವರ್ಷದ ಹೊತ್ತಿಗೆ ನಾನು ಹೊರಗಿನ ಕಾರ್ಯಕ್ರಮಗಳಿಗೆ ಹೋಗತೊಡಗಿದೆ. ಶಾಲೆಗಳ ಗ್ಯಾದರಿಂಗು, ಯಾರದೋ ಸನ್ಮಾನ, ಸರಕಾರಿ ಸಮಾರಂಭ, ಕರೆದಲ್ಲೆಲ್ಲ ಹೋದೆ. ವಾರವೆಲ್ಲ ಕಾಲೇಜಿನಲ್ಲಿ ಕಲಿಯುವುದು, ಭಾನುವಾರ ಗೆಜ್ಜೆ ಕಟ್ಟಿ ದುಡಿಯುವುದು. ದೊಡ್ಡ ಕಲಾವಿದೆ ಆಗಿಬಿಟ್ಟೆ ಎಂಬ ಠೇಂಕಾರವೂ ಬಂದಿತ್ತು. ಹೆಚ್ಚಿನ ಕಡೆ ಪೆನ್ ಡ್ರೈವಿನ ಹಾಡೇ ಸಾಕಾಗುತ್ತಿತ್ತು. ಒಮ್ಮೆ ಸ್ಟೇಶನ್ ಬಜಾರದ ಹತ್ತಿರದ ಒಂದು ಸಭಾಗೃಹದಲ್ಲಿ ಮಾತ್ರ ಹಾಡುವವರು, ಬಾರಿಸುವವರು ಎಲ್ಲ ಎದುರಿಗಿರುವ ಪೂರ್ತಿ ಕಾರ್ಯಕ್ರಮ ಒಪ್ಪಿಕೊಂಡೆ. ನಟ್ಟುವಾಂಗಕ್ಕೆ ಅಕ್ಕೋರೇ ಬಂದರು.

ಅಂದು ವರ್ಣದ, ಅಂದರೆ ಕಾರ್ಯಕ್ರಮದ ಅತಿ ಉದ್ದದ ನೃತ್ಯದ, ನಡುವೆ ನನ್ನ ಲೆಕ್ಕ ತಪ್ಪಿತು. ಮುಗಿಸಬೇಕಾದ ಕಡೆ ಕಾಲು ಮುಗಿಯಲಿಲ್ಲ, ತಡವಾಗಿ ಬಿತ್ತು. ಆ ಕ್ಷಣಕ್ಕೇ ಅಕ್ಕೋರ ತಾಳ ಠಣ್ಣನೆ, ಬೇಕೆಂದೇ ಅಡ್ಡಾದಿಡ್ಡಿಯಾಗಿ ಕೇಳಿಸಿತು. ಮುಂದಿನ ಸಾಲಿನಲ್ಲಿದ್ದ ತಿಳಿದವರೊಬ್ಬರು ಹುಬ್ಬು ಗಂಟಿಕ್ಕಿ ಅವರತ್ತ ತಿರುಗಿದರು. ಅಷ್ಟರಲ್ಲಿ ನಾನು ದಾರಿಗೆ ಬಂದಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಆ ಹಿರಿಯರು ನನ್ನನ್ನು ಹೊಗಳಿ, ತಾಳ ಹಾಕುವವರು ಮಾತ್ರ ಸ್ವಲ್ಪ ಹುಷಾರಿರಬೇಕಿತ್ತು ಅಂದರು. ಅಕ್ಕೋರು "ಹೌದ್ರಿ, ವಯಸ್ಸಾತು" ಎಂದು ತಾಳವನ್ನು ಚೀಲಕ್ಕೆ ಹಾಕಿಕೊಂಡರು.

ಬಸ್ ಸ್ಟ್ಯಾಂಡಿಗೆ ಹೋಗುವ ಆಟೋದಲ್ಲಿ ನನಗೆ ಅಳು ತಡೆಯಲಾಗಲಿಲ್ಲ. "ಯಾಕ ಹಂಗ ಮಾಡಿದ್ರಿ ಅಕ್ಕೋರೆ? ತಪ್ಪು ನಂದು" ಅಂದೆ.

"ಗೊತ್ತದ ನನಗ. ಪಕ್ಕಕ್ಕ ಕುಂತವರ ತಪ್ಪು ನಾಳಿಗೆ ಯಾರಿಗೂ ನೆನಪಿರಂಗಿಲ್ಲ, ನಡಕ ನಿಂತವರದು ಇರ್ತದ. ಕಾಲೇಜಿನ್ಯಾಗ ತಪ್ಪು ತಿದ್ದತೀನಿ, ಸ್ಟೇಜಿನ ಮ್ಯಾಲ ತಪ್ಪು ಮುಚ್ಚತೀನಿ. ನೀ ಎರಡೂ ಕಲಿ." ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಮತ್ತೆ ಅಂದರು, "ಎಲ್ಲಾರೂ ನಿನ್ನ ಮಾರಿ ಬಗ್ಗೆ ಹೇಳಾಕತ್ತಿದ್ರು. ಅಭಿನಯ ಭಾಳ ಚಲೋ ಅದ ಅಂತ. ನಾ ನೋಡೇ ಇಲ್ಲಲ್ಲ. ನನಗ ಪರಿಚಯ ಇದ್ದದ್ದು ನಿನ್ನ ಹಿಮ್ಮಡಿ ಅಷ್ಟ."

ನಾನು ನಕ್ಕೆ. ಅವರೂ ನಕ್ಕರು. ಆದರೆ ಬಸ್ಸು ಹತ್ತುವಾಗ ಹಿಂತಿರುಗಿ, "ಒಮ್ಮಿ ಎದುರಿಗೆ ಕುಂತು ನೋಡಬೇಕವಾ, ಹೋಗೂದ್ರಾಗ" ಅಂದರು. ಹೋಗುವುದು ಅಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಕೇಳಬೇಕು ಅನ್ನಿಸಲೂ ಇಲ್ಲ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆ ಎಳೆದುಕೊಂಡಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಆ ಕಪ್ಪು ಗೆರೆಯ ಬೆರಳು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ಹಿಡಿದುಕೊಂಡು ಕುಳಿತೆ. ಅವರೇ ತೊದಲುತ್ತ, "ಈಗ ಎದುರಿಗೇ ಕುಂದರತೀನಿ ತಗೋ. ಬ್ಯಾರೆ ಕೆಲಸ ಏನದ ನನಗ" ಅಂದರು.

ಹೇಳಿದಂತೆಯೇ ಪರೀಕ್ಷೆಯ ದಿನ ಬಂದರು. ಸೊಸೆ ಕಾರು ಮಾಡಿಕೊಂಡು ಕರೆತಂದಿದ್ದರು. ಕಾಲೇಜಿನವರು ನಟ್ಟುವಾಂಗಕ್ಕೆ ಬೇರೊಬ್ಬರನ್ನು ಕರೆಸಿದ್ದರು, ಒಳ್ಳೆಯ ವಿದ್ವಾಂಸರೇ. ಅವರದೇನೂ ತಪ್ಪಿಲ್ಲ, ಆದರೆ ನನ್ನ ಕಿವಿ ಪಕ್ಕದಲ್ಲಿ ಅಕ್ಕೋರ ದನಿಯನ್ನೇ ಹುಡುಕುತ್ತಿತ್ತು. ಅಕ್ಕೋರು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನಗೆ ನೇರ ಎದುರಾಗಿ ಕುಳಿತಿದ್ದರು. ಕುಣಿಯುತ್ತಿರುವಾಗ ಅವರ ಮುಖ ನನಗೆ ಎದುರಿಗೆ ಕಂಡದ್ದು ಅದೇ ಮೊದಲು. ಅವರಿಗೆ ನನ್ನ ಮುಖ ಕಾಣಲಿಲ್ಲ. ಎಡಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ತಲೆ ಬಗ್ಗಿತ್ತು, ಕಣ್ಣು ನನ್ನ ಪಾದದಲ್ಲಿತ್ತು. ಇನ್ನಾದರೂ ತಲೆ ಎತ್ತಿಯಾರು ಎಂದು ನಾನು ಅಭಿನಯದ ಉದ್ದಕ್ಕೂ ಕಾದೆ.

ಮುಗಿದ ಮೇಲೆ ಓಡಿಹೋಗಿ ಅವರ ಮುಂದೆ ಮೊಣಕಾಲೂರಿ ಕುಳಿತೆ. ಅವರು ಅಳುತ್ತಿದ್ದರು. ಒಂದೊಂದೇ ಮಾತು ಕಷ್ಟಪಟ್ಟು ಹೊರಗೆ ಬಂತು. "ಮಾರಿ ನೋಡಬೇಕಂತ ಅಲ್ಲಿಂದ ಬಂದೆ. ಹಾಳಾದ ಕಣ್ಣು ಕಾಲು ಬಿಡಲೇ ಇಲ್ಲ." ಸೊಸೆ ಸೆರಗಿನಿಂದ ಅವರ ಬಾಯಿ ಒರೆಸಿದರು. ನನಗೆ ಬಂದ ಅಂಕಗಳ ಸಂತೋಷ ನಿಜವಾಗಿಯೂ ನೆನಪಿಲ್ಲ, ಆ ಮಾತು ನೆನಪಿದೆ.

ಡಿಗ್ರಿ ಆದ ಮೇಲೆ ಸ್ಟೇಶನ್ ಬಜಾರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಹಾಲ್ ಹಿಡಿದು ಮಕ್ಕಳಿಗೆ ಕ್ಲಾಸು ಶುರುಮಾಡಿದೆ. ಕೆಳಗೆ ಆಟೋದವರ ಕೂಗಾಟ, ಮೇಲೆ ನನ್ನ ತಾಳ. ತಾಳ ಹಿಡಿಯುವುದನ್ನು ಅಕ್ಕೋರಿಂದಲೇ ಕಲಿತಿದ್ದೆ. ಒಂದು ದಿನ ಒಬ್ಬ ತಾಯಿ ಬಂದು, ನನ್ನ ಮಗಳು ಕುಣಿಯುವಾಗ ನಗುತ್ತಾಳೋ ಇಲ್ಲವೋ ಎಂದು ಕೇಳಿದರು. ಆ ಹುಡುಗಿಯ ಎಡಗಾಲಿನ ಹೆಬ್ಬೆರಳು ಹೇಗೆ ಮೇಲೇಳುತ್ತದೆ ಎಂಬುದು ಗೊತ್ತಿತ್ತು, ನಗು ಗೊತ್ತಿರಲಿಲ್ಲ. ಅಕ್ಕೋರ ಸಂಕಟ ಏನೆಂದು ನನಗೆ ಪೂರ್ತಿ ತಿಳಿದದ್ದು ಆಗ.

ಅದೇ ವಾರ ಸೊಸೆಯ ಫೋನು ಬಂತು. "ಅತ್ತಿ ನಿಮ್ಮನ್ನ ಭಾಳ ನೆನಸಾಕತ್ತಾರರೀ. ಊಟ ಕಡಿಮಿ ಆಗ್ಯಾದ. ಒಮ್ಮಿ ಬಂದು ಹೋಗ್ರಿ." ಮಾರನೆಯ ದಿನವೇ ಕಮಲಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಕುರ್ಚಿಗೆ ದಿಂಬು ಕೊಟ್ಟು ಅವರನ್ನು ಕೂರಿಸಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಯಾಕೆ ಕರೆಸಿದ್ದಾರೆ ಎಂದು ಕೇಳಬೇಕಾಗಿರಲಿಲ್ಲ. ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡೆ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವರ ಎಡಗೈ ಕುರ್ಚಿಯ ಮೇಲೆ ತಾಳ ಹಾಕತೊಡಗಿತು, ಕಣ್ಣು ನನ್ನ ಪಾದಕ್ಕೆ ಬಿತ್ತು. ಅವರಿಗೇ ತಮ್ಮ ಮೇಲೆ ಸಿಟ್ಟು ಬಂತು.

"ನಿಲ್ಲು. ಕುಂದರು. ಕಾಲು ಮುಚ್ಚವಾ" ಅಂದರು.

ಸೊಸೆ ಒಳಗಿನಿಂದ ಕೌದಿ ತಂದರು. ನಾನು ಅವರೆದುರು ನೆಲದ ಮೇಲೆ ಕುಳಿತೆ, ಸೊಂಟದಿಂದ ಕೆಳಗೆ ಕೌದಿ ಹೊದಿಸಿದರು. ಕುಳಿತು ಅಭಿನಯ ಮಾಡುವ ರೂಢಿ ಹಿಂದೆ ಇತ್ತು ಎಂದು ಥಿಯರಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಯಾವತ್ತೂ ಮಾಡಿ ನೋಡಿರಲಿಲ್ಲ. ಆಡಲು ಹೋದ ಮಗು ಇನ್ನೂ ಬಂದಿಲ್ಲ, ತಾಯಿ ಅನ್ನ ಕಲಸಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಅಂಥದೊಂದು ಪದ. ಹಾಡಲು ಯಾರೂ ಇರಲಿಲ್ಲ. ಅಕ್ಕೋರೇ ಎಳೆದ ಬಾಯಲ್ಲಿ ಗುನುಗಿದರು. ಉಸಿರು ಸಾಲದೆ ಧಾಟಿ ನಡುನಡುವೆ ನಿಲ್ಲುತ್ತಿತ್ತು. ನಿಂತಾಗ ನಾನೂ ಬಾಗಿಲ ಕಡೆ ನೋಡುತ್ತ ಕಾಯುತ್ತಿದ್ದೆ. ತಾಳ ಇರಲಿಲ್ಲ. ಅವರ ಎಡಗೈ ತೊಡೆಯ ಮೇಲೆ ಅಲುಗಾಡದೆ ಇತ್ತು. ಕಣ್ಣು ನನ್ನ ಮುಖದ ಮೇಲೆ ಇತ್ತು, ಅಲ್ಲೇ ಇತ್ತು.

ಮುಗಿದ ಮೇಲೆ ಸೊಸೆ ಕಣ್ಣೊರೆಸಿಕೊಂಡು ಒಳಗೆ ಹೋದರು.

"ಬಲಗಡಿ ಹುಬ್ಬು ಜಾಸ್ತಿ ಎತ್ತತಿ. ಅಳೂ ಮುಂದ ಅದು ಮ್ಯಾಲ ಹೋಗ್ತದ. ಇಷ್ಟು ದಿನ ಯಾರೂ ಹೇಳಲಿಲ್ಲೇನು?" ಅಂದರು ಅಕ್ಕೋರು.

"ಇಲ್ಲರೀ."

"ತಿದ್ದಕೋ." ಆಮೇಲೆ ಎಡಗೈ ಚಾಚಿ ನನ್ನ ಗದ್ದ ಹಿಡಿದರು. "ಚಲೋ ಅದವಾ. ಅವತ್ತು ಎಲ್ಲಾರೂ ಹೇಳಿದ್ದು ಖರೇ ಅದ." ಹೊರಡುವಾಗ ಸೊಸೆಗೆ ಹೇಳಿ ಹಣ್ಣು ತರಿಸಿದರು. ತಟ್ಟೆಯಲ್ಲಿ ತಾವೇ ಹುಡುಕಿ ದೊಡ್ಡದನ್ನು ತೆಗೆದುಕೊಟ್ಟರು. ಬಸ್ಸಿನಲ್ಲಿ ಅದನ್ನು ತಿನ್ನಲು ಮನಸ್ಸು ಬರಲಿಲ್ಲ.

ಆ ಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಸುದ್ದಿ ಬಂತು, ಕ್ಲಾಸು ರಜೆ ಕೊಟ್ಟು ಹೋದೆ. ಅವರ ಮನೆತನದ ರೂಢಿಯಂತೆ ದೇಹವನ್ನು ಅದೇ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಎದುರಿಗೆ ಓಣಿಯ ಹೆಣ್ಣುಮಕ್ಕಳು ಭಜನೆಗೆ ಕುಳಿತಿದ್ದರು. ಸೊಸೆ ಒಳಗೆ ಹೋಗಿ ಅಕ್ಕೋರ ತಾಳ ತಂದು ನನ್ನ ಕೈಗೆ ಕೊಟ್ಟರು. "ನೀವೇ ಹಾಕ್ರಿ. ಅವರಿಗೆ ಬ್ಯಾರೆ ಯಾರ ತಾಳಾನೂ ಮನಸಿಗೆ ಬರಂಗಿಲ್ಲ."

ದಾರವನ್ನು ಬೆರಳಿಗೆ ಸುತ್ತಿಕೊಂಡೆ. ಅವರಿಗೆ ನೇರ ಎದುರಾಗಿ ಕುಳಿತೆ. ತಾಳ ಹಾಕತೊಡಗಿದ ಕೂಡಲೇ ನನ್ನ ಕಣ್ಣು ತನ್ನಷ್ಟಕ್ಕೆ ಅವರ ಪಾದ ಹುಡುಕಿತು. ಪಾದ ಕಾಣಲಿಲ್ಲ. ಕಾಲು ಮಡಚಿ ಕೂರಿಸಿ, ಹೊಸ ಸೀರೆ ಹೊದಿಸಿ, ಮೇಲೆ ಹೂವು ಮುಚ್ಚಿದ್ದರು. ಮುಖ ನೋಡದೆ ಬೇರೆ ದಾರಿ ಇರಲಿಲ್ಲ. ಎಳೆದುಕೊಂಡಿದ್ದ ಬಾಯಿ ನೆಟ್ಟಗಾಗಿತ್ತು. ಅದನ್ನೇ ನೋಡುತ್ತ, ಅಳುತ್ತ, ಭಜನೆ ಮುಗಿಯುವವರೆಗೆ ತಾಳ ಹಾಕಿದೆ. ನನ್ನ ಬಲಗಡೆಯ ಹುಬ್ಬು ಮೇಲೆ ಹೋಗಿತ್ತೋ ಏನೋ, ಹೇಳಬೇಕಾದವರು ಎದುರಿಗೇ ಸುಮ್ಮನೆ ಕುಳಿತಿದ್ದರು.