ನಮ್ಮವರ ನಂಬರ್

ಕೊಣನೂರು ಸಂತೆಯ ತಿರುವಿನಲ್ಲಿ ಸೈರನ್ ಕೇಳಿ ಗಾಬರಿಯಾಗಿ, ಎಡಕ್ಕೆ ಸರಿಯುವ ಬದಲು ಬಲಕ್ಕೆ ತಿರುಗಿಸಿಬಿಟ್ಟೆ. ಅಗ್ನಿಶಾಮಕ ವಾಹನ ತಾಗಿ ನನ್ನ ಸ್ಕೂಟರಿನ ಕನ್ನಡಿ ಹಾರಿತು, ನಾನೂ ಬಿದ್ದೆ. ಡ್ರೈವರ್ ಇಳಿದು, ಸ್ಟಿಯರಿಂಗನ್ನು ಜೊತೆಯವರಿಗೆ ಒಪ್ಪಿಸಿ, ವಾಹನವನ್ನು ಬೆಂಕಿಯತ್ತ ಕಳಿಸಿದರು. ಅಪಘಾತವಾದರೆ ಒಬ್ಬರು ಉಳಿಯಲೇಬೇಕಂತೆ. ನನ್ನನ್ನು ಎಬ್ಬಿಸಿ ಕೂರಿಸಿ, ಚೀಟಿ ತೆಗೆದರು.

"ಏಟೇನೂ ಆಗಿಲ್ವಾ ಸಾ? ನಿಮ್ಮೋರ ನಂಬರ್ ಯೋಳಿ, ತಿಳಿಸ್ಬುಡ್ತೀನಿ. ಬರ್ಕೊಳ್ಳೇಬೇಕು."

ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ. ತೀರಿಹೋದ ಹೆಂಡತಿಯ ನಂಬರ್ ಮೊದಲಿಗೇ ಇತ್ತು. ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ಕೊನೆಗೆ ಸ್ಕೂಟರ್ ರಿಪೇರಿ ಮಾಡುವವನ ನಂಬರ್ ಕೊಟ್ಟೆ.

ಮರುದಿನ ಹೊಸ ಕನ್ನಡಿ ಕೂರಿಸುತ್ತಾ ಅವನು ಕೇಳಿದ: "ನೀವ್ ಬಿದ್ರೆ ನಂಗ್ಯಾಕ್ ಸಾ ಫೋನ್ ಮಾಡವ್ರೆ?" "ಹಾರ್ನೂ ಸರಿಯಿಲ್ಲ, ನೋಡಪ್ಪ" ಎಂದೆ.