ಮರಳು ತುಂಬಿದ ಫ್ಯೂಸು

ಬೆಲೆ ಕೇಳಿ ಬೆಚ್ಚಿಬೀಳುವುದು ನನಗೆ ಹೊಸದಲ್ಲ. ರೇಷ್ಮೆ ನೂಲಿನ ಬೆಲೆ ಕೇಳಿಕೊಂಡೇ ತಲೆ ಬೆಳ್ಳಗಾದವನು ನಾನು. ಆದರೆ ಕಿರುಬೆರಳಿಗಿಂತ ಚಿಕ್ಕದಾದ ಒಂದು ಫ್ಯೂಸಿಗೆ ಅಂಗಡಿಯವನು ಒಂಬೈನೂರು ರೂಪಾಯಿ ಎಂದಾಗ, ನಿಜ ಹೇಳುತ್ತೇನೆ, ಮೇಜು ಹಿಡಿದುಕೊಂಡು ನಿಂತೆ. ಅದು ಕರೆಂಟು, ವೋಲ್ಟೇಜು ಅಳೆಯುವ ನನ್ನ ಡಿಜಿಟಲ್ ಮಲ್ಟಿಮೀಟರಿನ ಫ್ಯೂಸು. ಆ ಮೀಟರನ್ನೇ ನಾನು ಕೊಂಡದ್ದು ಸಾವಿರದ ಇನ್ನೂರಕ್ಕೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ನಾವು, ಹಿಂದಿನದರಲ್ಲಿ ನಾಲ್ಕು ಮಗ್ಗ. ಮಗ್ಗದ ಮೋಟಾರು ಮುನಿಸಿಕೊಂಡರೆ ಎಲೆಕ್ಟ್ರಿಷಿಯನ್ನನ್ನು ಕರೆಯುವುದು ನನ್ನ ಮರ್ಯಾದೆಗೆ ಕಮ್ಮಿ. ಕನ್ನಡಕ ಏರಿಸಿ, ಮೀಟರಿನ ಕೆಂಪು ಕಪ್ಪು ಕಡ್ಡಿಗಳನ್ನು ನಾನೇ ಬೋರ್ಡಿಗೆ ಒತ್ತಿ ಹಿಡಿಯುತ್ತೇನೆ. ನನ್ನ ಎರಡು ಕೈಯೂ ಅಲ್ಲಿ ಸಿಕ್ಕಿಕೊಂಡಿರುವುದರಿಂದ, ಮೀಟರು ಹಿಡಿದು ಅಂಕಿ ಓದುವವಳು ನನ್ನ ಹೆಂಡತಿ ನಾಗರತ್ನ. ಮಗ್ಗಗಳ ಸದ್ದನ್ನು ಮೀರಿ "ನಾನ್ನೂರ ಹತ್ತು" ಎಂದು ಅವಳು ಕೂಗಬೇಕು. ನಮ್ಮ ಮನೆಯ ವೋಲ್ಟೇಜು ಅರ್ಧ ಬೀದಿಗೆ ಬಾಯಿಪಾಠ.

ಕಳೆದ ವಾರ ಯುಪಿಎಸ್ ಬ್ಯಾಟರಿಯ ಕರೆಂಟು ಅಳೆದವನು ಕೆಂಪು ವೈರನ್ನು ಮೀಟರಿನ ಆಂಪಿಯರ್ ತೂತಿನಲ್ಲೇ ಬಿಟ್ಟಿದ್ದೆ. ಅದನ್ನು ಮರೆತು ಹಾಗೇ ಹೋಗಿ ಮಗ್ಗದ ಬೋರ್ಡಿಗೆ ಕಡ್ಡಿ ಒತ್ತಿದೆ. ಹಾಗೆ ಮಾಡುವುದೂ ಎರಡು ಫೇಸುಗಳ ನಡುವೆ ತಂತಿ ಕಟ್ಟಿ ಶಾರ್ಟು ಮಾಡುವುದೂ ಒಂದೇ. ಟಪ್ಪೆಂದು ಕಿಡಿ ಹಾರಿತು. "ಇದ್ರೊಳಗೇನೋ ಸದ್ದಾಯ್ತು ಕಣ್ರೀ" ಎಂದಳು ನಾಗರತ್ನ. ನಾನು ಅವಳ ಕೈಯಿಂದ ಮೀಟರು ಕಿತ್ತುಕೊಂಡು ಬೆನ್ನು ಬಿಚ್ಚಿ ನೋಡಿದೆ. ಫ್ಯೂಸು ಹೋಗಿತ್ತು.

ಫ್ಯೂಸು ವಿಚಿತ್ರ ನೌಕರ. ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಕೆಲಸ ಮಾಡುವುದು ಒಂದೇ ದಿನ, ಅಂದೇ ಅದರ ಕೊನೆ. ನಮ್ಮ ಕಡೆ ಹತ್ತು ರೂಪಾಯಿಗೆ ಸಿಗುವ ಗಾಜಿನ ಫ್ಯೂಸು ಎಲ್ಲರಿಗೂ ಗೊತ್ತು. ಮೀಟರಿನದು ಪಿಂಗಾಣಿಯದು, ಒಳಗೆ ಏನಿದೆ ಎಂದು ಕಾಣುವುದೇ ಇಲ್ಲ. ಏನಿದೆ ಎಂದು ಆ ಅಂಗಡಿಯವನನ್ನೇ ಕೇಳಿದ್ದಕ್ಕೆ "ಮರಳು" ಎಂದ. ನಮ್ಮ ತಾಲ್ಲೂಕಿನಲ್ಲಿ ಮನೆ ಕಟ್ಟುವವರ ಬಾಯಲ್ಲಿ ಮರಳಿನ ರೇಟು ಕೇಳಿದ್ದೇನೆ, ಆದರೆ ಒಂದು ಚಿಟಿಕೆಗೆ ಒಂಬೈನೂರು ಎಂದು ಯಾರೂ ಹೇಳಿರಲಿಲ್ಲ.

ಬರಿಗೈಯಲ್ಲಿ ಮನೆಗೆ ಬಂದೆ. ನಮ್ಮ ಬೀದಿಯಲ್ಲಿ ಇಂಥದ್ದಕ್ಕೊಂದು ರೂಢಿ ಇದೆ: ಬೋರ್ಡಿನ ಫ್ಯೂಸು ಹೋದರೆ ಸೀರೆಗೆ ಹಾಕುವ ತಾಮ್ರದ ಜರಿಯನ್ನೇ ಸುತ್ತಿಬಿಡುವುದು. ಕೈಗೆ ಸಿಗುವುದು ಅದೇ ತಾನೆ. ಸತ್ತ ಫ್ಯೂಸಿನ ಮೇಲೆ ಆರೆಳೆ ಜರಿ ಸುತ್ತಿದೆ. ಬಂಗಾರದ ಬಣ್ಣದಲ್ಲಿ ಹೊಳೆಯಿತು. ಒಂಬೈನೂರು ಉಳಿಸಿದ ಜಂಬ ತಡೆಯಲಾರದೆ, ಮೀಟರಿನ ಸಮೇತ ಮೋಟಾರು ವೈಂಡಿಂಗ್ ಮಾಡುವ ರಹಮತ್ ಸಾಬರಿಗೆ ತೋರಿಸಲು ಹೋದೆ.

ಸಾಬರು ಹೊಗಳಲಿಲ್ಲ, ನಗಲೂ ಇಲ್ಲ. "ಇದನ್ನ ಬಿಸಾಕಿ ಅಣ್ಣ" ಎಂದರು. "ಜರಿ ಉರಿದ್ರೂ ಒಳಗಿನ್ ಬೆಂಕಿ ನಿಲ್ಲಲ್ಲ. ಮರಳಿರೋದೇ ಆ ಬೆಂಕಿ ನುಂಗೋಕೆ. ಅದಿಲ್ದಿದ್ರೆ ಮೀಟ್ರು ಕೈಯಲ್ಲೇ ಸಿಡಿಯುತ್ತೆ."

"ವೈರು ಆಂಪಿಯರ್ ತೂತಲ್ಲಿ ಬಿಡೋ ತಪ್ಪು ಇನ್ಮೇಲೆ ಮಾಡಲ್ಲ ಬಿಡಿ ಸಾಬ್ರೇ."

"ಮಾಡ್ತೀರಾ. ಒಂದ್ಸಲ ಮಾಡ್ದೋರು ಇನ್ನೊಂದ್ಸಲ ಮಾಡೇ ಮಾಡ್ತಾರೆ. ಮೀಟ್ರು ಹಿಡ್ಕೊಳ್ಳೋದು ಯಾವ ಕೈಲಿ, ಎಡಗೈಲಾ?"

ಹಿಡಿದುಕೊಳ್ಳುವುದು ನಾನಲ್ಲವಲ್ಲ. ನಾಗರತ್ನ ಅಂಕಿ ಓದಲೆಂದು ಅದನ್ನು ಮುಖದ ಹತ್ತಿರ ಹಿಡಿಯುತ್ತಾಳೆ. ಅಂದು ಟಪ್ಪೆಂದಾಗಲೂ ಅದು ಅವಳ ಮುಖದ ಮುಂದೆಯೇ ಇತ್ತು. ಏನಾದರೂ ಆಯಿತಾ ಎಂದು ನಾನು ಕೇಳಲೇ ಇಲ್ಲ, ಮೀಟರು ಕಿತ್ತುಕೊಂಡಿದ್ದೆ. ಸಾಬರ ಸ್ಟೂಲಿನ ಮೇಲೆ ಕೂತೆ. ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಒಂಬೈನೂರು ಕೇಳಿ ಮೂರು ದಿನ ಬೆಚ್ಚಿದ್ದವನಿಗೆ ಇದಕ್ಕೆ ಬೆಚ್ಚಲು ಇನ್ನೊಬ್ಬರು ಹೇಳಬೇಕಾಯಿತು.

ಸಾಬರು ನೀರು ಕೊಟ್ಟು, ಡಬ್ಬಿಗಳನ್ನು ತಡಕಾಡಿ ಒಂದು ಪಿಂಗಾಣಿ ಫ್ಯೂಸು ತೆಗೆದರು. ಮೀಟರಿನ ಮೇಲೆ ಅಚ್ಚಾಗಿದ್ದ ಹತ್ತು ಆಂಪಿಯರ್, ಆರುನೂರು ವೋಲ್ಟ್ ಎಂಬುದನ್ನು ಫ್ಯೂಸಿನ ಮೇಲಿನದರೊಂದಿಗೆ ತಾಳೆ ನೋಡಿದರು. ಅಳತೆಯೂ ಸರಿಹೋಯಿತು. "ಅಂಗಡಿಯೋನು ಕೇಳಿದ್ದು ಕಂಪನಿ ಹೆಸರಿಗೆ. ಇದ್ರಲ್ಲೂ ಮರಳೇ ಇರೋದು. ನೂರೆಂಬತ್ತು ಕೊಡಿ" ಎಂದರು. ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಕೊಟ್ಟೆ.

ಮನೆಗೆ ಬಂದು ನಾಗರತ್ನಳಿಗೆ ಎಲ್ಲವನ್ನೂ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ. ಸಿಡಿಯುವ ಮಾತು ಅವಳನ್ನು ಅಲ್ಲಾಡಿಸಲಿಲ್ಲ. ನೂರೆಂಬತ್ತು ಎಂದದ್ದಕ್ಕೆ ಮಾತ್ರ ಕಣ್ಣು ಅರಳಿಸಿದಳು.

"ಇಷ್ಟ್ ಚಿಕ್ಕದಕ್ಕಾ? ಕೊಡಿ ಇಲ್ಲಿ, ಬೀರುನಲ್ಲಿ ಸೀರೆ ಜೊತೆ ಎತ್ತಿಡ್ತೀನಿ. ದಿನಾ ಹಾಕಿದ್ರೆ ಸುಟ್ಟೋಗಲ್ವಾ? ದಿನಕ್ಕೆ ಆ ಹತ್ತು ರೂಪಾಯಿ ಗಾಜಿಂದೇ ಸಾಕು."

ಕಂಡವರ ಮದುವೆಗೆಲ್ಲ ರೇಷ್ಮೆ ನೇಯುತ್ತಾ, ತನ್ನದೊಂದು ರೇಷ್ಮೆ ಸೀರೆಯನ್ನು ಉಡದೆ ಬೀರುವಿನಲ್ಲೇ ಮಡಿಸಿಟ್ಟಿರುವವಳು ಇವಳು. ಒಳ್ಳೆಯದೆಲ್ಲ ಬೇರೆ ಯಾವುದೋ ದಿನಕ್ಕೆ, ಬೇರೆ ಯಾರಿಗೋ. ನನಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಅವಳ ಅಂಗೈಯಿಂದ ಫ್ಯೂಸು ತೆಗೆದುಕೊಂಡು ಮೀಟರಿಗೆ ಹಾಕಿ ಸ್ಕ್ರೂ ತಿರುಗಿಸಿದೆ.

"ಸುಟ್ಟೋಗ್ಲಿ ಕಣೇ" ಎಂದೆ. "ಸುಡೋದಕ್ಕೆ ಅಂತ ಇರೋದು ಅದು. ನೀನಲ್ಲ."