ಉಗ್ಲಿಚ್ ದಡದಲ್ಲಿ ಉಳಿದವರು

ಎರಡು ವರ್ಷದ ಹಿಂದಿನ ಜೂನ್ ತಿಂಗಳಲ್ಲಿ ನಾನು ಮಲೇಷ್ಯಾದಲ್ಲಿ, ಪೆಟಾಲಿಂಗ್ ಜಯಾದ ಒಂದು ಪ್ರವಾಸ ಸಂಸ್ಥೆಯಲ್ಲಿ ಆಪರೇಷನ್ಸ್ ಮ್ಯಾನೇಜರ್ ಆಗಿದ್ದೆ. ಪ್ರವಾಸವನ್ನು ಮಾರುವುದು ಸೇಲ್ಸ್‌ನವರ ಕೆಲಸ. ಮಾರಿದ ಪ್ರವಾಸ ನಡೆಯುವಂತೆ, ಹೋದವರೆಲ್ಲ ತಿರುಗಿ ಬರುವಂತೆ ನೋಡಿಕೊಳ್ಳುವುದು ಆಪರೇಷನ್ಸ್. ಮೈಸೂರು ಬಿಟ್ಟು ಬಂದ ಮೇಲೆ ನಾನು ಮಾಡಿದ್ದು ಇದೊಂದೇ ಕೆಲಸ. ಜನರನ್ನು ಕಳಿಸಿದ ಊರುಗಳಲ್ಲಿ ಹೆಚ್ಚಿನವನ್ನು ನಾನು ನೋಡಿಲ್ಲ. ವೋಲ್ಗಾ ನದಿಯನ್ನೂ ನೋಡಿಲ್ಲ. ಈಗ ಹೇಳಹೊರಟಿರುವುದು ನಡೆದದ್ದು ಆ ನದಿಯ ದಡದಲ್ಲಿ, ನನಗೆ ಅದು ಗೊತ್ತಿರುವುದು ಫೋನಿನಲ್ಲಿ ಕೇಳಿದ ದನಿಗಳಿಂದ. ಆದರೂ ಕಣ್ಣು ಮುಚ್ಚಿದರೆ ಆ ದಡ ಕಾಣುತ್ತದೆ. ಅದರಲ್ಲಿ ಅವರು ಹೇಳಿದ್ದು ಎಷ್ಟು, ನಾನು ಸೇರಿಸಿಕೊಂಡದ್ದು ಎಷ್ಟು ಎಂದು ಬೇರ್ಪಡಿಸಲು ನೋಡಿದ್ದೇನೆ. ಪೂರ್ತಿಯಾಗಿ ಆಗಿಲ್ಲ.

ಅದು ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ವರೆಗಿನ ನದಿ ಪ್ರವಾಸ. ಹಡಗಿನಲ್ಲೇ ಊಟ, ನಿದ್ದೆ, ಸಂಜೆ ಸಂಗೀತ. ಬಾಲ್ಕನಿ ಇರುವ ಕೋಣೆಗಳು. ಹಗಲಿನಲ್ಲಿ ಒಂದೊಂದು ಹಳೆಯ ಊರಿನ ಮುಂದೆ ನಿಂತು ಇಳಿಸಿ, ಸುತ್ತಾಡಿಸಿ, ಹತ್ತಿಸಿಕೊಳ್ಳುತ್ತಾರೆ. ಯುದ್ಧ ಶುರುವಾದ ಮೇಲೆ ಯುರೋಪಿನವರು ಬರುವುದು ನಿಂತು, ಆ ಕೋಣೆಗಳು ನಮ್ಮಂಥವರ ಕೈಗೆ ಎಟುಕತೊಡಗಿದ್ದವು. ಅಲ್ಲಿ ನಮ್ಮ ಬ್ಯಾಂಕ್ ಕಾರ್ಡುಗಳು ನಡೆಯುವುದಿಲ್ಲ, ಕೆಲವು ದಿನ ಇಡೀ ಊರಿನ ಮೊಬೈಲ್ ಇಂಟರ್ನೆಟ್ ನಿಲ್ಲಿಸಿಬಿಡುತ್ತಾರೆ ಎಂದು ಮೊದಲೇ ಹೇಳಿದ್ದೆವು. ಆದರೂ ಒಂದು ಕನ್ನಡ ಗುಂಪು ಹೊರಟಿತು. ಸೈಬರ್‌ಜಯಾದ ಸಾಫ್ಟ್‌ವೇರ್ ಸಂಸಾರಗಳು, ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಮಾಡುವ ಉಡುಪಿ ಕಡೆಯ ಡಾಕ್ಟರುಗಳು. ಜೊತೆಗೆ ನಮ್ಮ ಟೂರ್ ಲೀಡರ್ ಸೆಲ್ವಿ, ಕ್ಲಾಂಗ್‌ನಲ್ಲಿ ಹುಟ್ಟಿ ಬೆಳೆದ ತಮಿಳು ಹೆಂಗಸು, ಇಂಥ ಹತ್ತಾರು ಗುಂಪುಗಳನ್ನು ಸಂಭಾಳಿಸಿದವಳು.

ಆ ಡಾಕ್ಟರುಗಳಲ್ಲಿ ಇಬ್ಬರು ವಸಂತಿ ರಾವ್ ಮತ್ತು ಅವರ ಗಂಡ ರಘುರಾಮ ರಾವ್. ವಸಂತಿಯವರು ಅನಾಟಮಿ ಕಲಿಸುತ್ತಿದ್ದರು, ರಾವ್ ಸರ್ ಫಾರ್ಮಕಾಲಜಿ. ಒಬ್ಬನೇ ಮಗ ಅನೂಪ ಕೆಲವು ವರ್ಷಗಳ ಹಿಂದೆ ಈಪೋದಿಂದ ಕಾರಿನಲ್ಲಿ ಬರುವಾಗ ಹೈವೇಯಲ್ಲಿ ತೀರಿಕೊಂಡಿದ್ದ. ಶವದ ಪೆಟ್ಟಿಗೆಯನ್ನು ಮುಚ್ಚಿಯೇ ಮನೆಗೆ ತಂದಿದ್ದರು. ಇಲ್ಲಿನ ಕನ್ನಡಿಗರಿಗೆಲ್ಲ ಇದು ಗೊತ್ತಿತ್ತು; ಯಾರೂ ಅವರ ಎದುರು ಆ ಮಾತು ತೆಗೆಯುತ್ತಿರಲಿಲ್ಲ. ಬುಕ್ಕಿಂಗ್‌ಗೆ ಬಂದಾಗ ರಾವ್ ಸರ್, “ಇವಳಿಗೆ ಒಂದು ಚೇಂಜ್ ಬೇಕು” ಎಂದರು. ವಸಂತಿಯವರು ನಕ್ಕು, “ಇವರಿಗೆ ಬೇಕಾದದ್ದೆಲ್ಲ ನನ್ನ ಹೆಸರಿನಲ್ಲೇ ಬರುವುದು” ಎಂದರು.

ಈಗ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಹಡಗಿನ ರಿಸೆಪ್ಷನ್ ಪಕ್ಕ ಒಂದು ಬೋರ್ಡು, ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಒಂದೊಂದು ಕಾರ್ಡು. ಇಳಿಯುವಾಗ ನಿಮ್ಮ ಕಾರ್ಡು ತೆಗೆದುಕೊಂಡು ಹೋಗಬೇಕು, ಹತ್ತಿದಾಗ ತಿರುಗಿ ಸಿಕ್ಕಿಸಬೇಕು. ಬೋರ್ಡು ತುಂಬಿದರೆ ಎಲ್ಲರೂ ಬಂದಿದ್ದಾರೆ ಎಂದು ಲೆಕ್ಕ, ಹಡಗು ಹೊರಡುತ್ತದೆ. ನಮ್ಮ ಗುಂಪಿನಲ್ಲಿ ನಾಗರಾಜ್ ಎಂಬವರಿದ್ದರು. ಸೈಬರ್‌ಜಯಾದಲ್ಲಿ ಡೇಟಾ ಸೆಂಟರ್ ನೋಡಿಕೊಳ್ಳುವ ಬೆಂಗಳೂರಿನವರು, ಉತ್ಸಾಹಿ. ಕಾರ್ಡು ತೆಗೆಯಲು ಉದ್ದ ಸಾಲು ನಿಲ್ಲುವುದನ್ನು ನೋಡಿ ಮೊದಲ ದಿನವೇ ಅವರು, “ಒಬ್ಬೊಬ್ರೇ ಯಾಕ್ರೀ ನಿಂತ್ಕೋಬೇಕು? ನಮ್ ಗ್ರೂಪ್‌ದೆಲ್ಲಾ ನಾನೇ ತಗೋತೀನಿ, ನಾನೇ ವಾಪಸ್ ಹಾಕ್ತೀನಿ, ನೀವು ಆರಾಮಾಗಿ ಫೋಟೋ ತೆಕ್ಕೊಳ್ಳಿ” ಎಂದರಂತೆ. ಇದು ನಮ್ಮವರಿಗೆ ಸಹಜ. ರೈಲಿನಲ್ಲಿ ಎಲ್ಲರ ಟಿಕೆಟ್ಟು, ವಿಮಾನ ನಿಲ್ದಾಣದಲ್ಲಿ ಎಲ್ಲರ ಪಾಸ್‌ಪೋರ್ಟು ಒಬ್ಬ ಯಜಮಾನನ ಕೈಯಲ್ಲಿರುತ್ತದೆ. ಸೆಲ್ವಿ ಒಮ್ಮೆ ಬೇಡವೆಂದಳು, ಮತ್ತೆ ಸುಮ್ಮನಾದಳು.

ಉಗ್ಲಿಚ್ ವೋಲ್ಗಾ ದಡದ ಪುಟ್ಟ ಊರು. ನೀರಿಗೆ ಹತ್ತಿರದಲ್ಲೇ ಕೆಂಪು ಗೋಡೆಯ ಚರ್ಚು, ನೀಲಿ ಗುಮ್ಮಟಗಳು. ನಾಲ್ಕು ಶತಮಾನಕ್ಕೂ ಹಿಂದೆ ಎಂಟು ವರ್ಷದ ರಾಜಕುಮಾರನೊಬ್ಬ ಕುತ್ತಿಗೆಗೆ ಗಾಯವಾಗಿ ಸತ್ತ ಜಾಗ ಅದು. ಕೊಲೆಯೋ ಅಪಘಾತವೋ ಇಂದಿಗೂ ತೀರ್ಮಾನವಾಗಿಲ್ಲ. ಕೆಲವು ವರ್ಷಗಳ ಮೇಲೆ ಒಬ್ಬ ಯುವಕ ಬಂದು ನಾನೇ ಆ ರಾಜಕುಮಾರ ಎಂದ. ಹುಡುಗನ ತಾಯಿ ಬದುಕಿದ್ದಳು. ಅವಳನ್ನು ಕರೆಸಿದರು. ಅವಳು ಎಲ್ಲರೆದುರು ಹೌದು, ಇವನೇ ನನ್ನ ಮಗ ಎಂದಳು. ಆ ಯುವಕನನ್ನು ಕೊಂದ ಮೇಲೆ ಅಲ್ಲ ಎಂದಳು. ಗುಂಪಿನವರಿಗಾಗಿ ಕನ್ನಡದಲ್ಲಿ ಬರೆದ ಟಿಪ್ಪಣಿಯಲ್ಲಿ ಈ ಕಥೆಯನ್ನು ಸೇರಿಸಿದವಳು ನಾನು. ಓದಲು ಚೆನ್ನಾಗಿತ್ತು, ಸೇರಿಸಿದೆ. ಯಾರು ಓದುತ್ತಾರೆ ಎಂದು ಯೋಚಿಸಿರಲಿಲ್ಲ.

ಅಂದು ಸಂಜೆ ಆರರ ಸುಮಾರು ನಾನು ಆಫೀಸಿನ ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ತೋಸೆ ತಪಾವ್ (ಪಾರ್ಸೆಲ್) ಮಾಡಿಸಿಕೊಳ್ಳುತ್ತಿದ್ದೆ. ಮಳೆ ಹೊಯ್ಯುತ್ತಿತ್ತು ಎಂದು ನನ್ನ ನೆನಪು. ಇಲ್ಲವೇ ಇಲ್ಲ, ಅಂದು ಬಿಸಿಲಿತ್ತು ಎಂದು ನನ್ನ ಸಹೋದ್ಯೋಗಿ ಹೇಳುತ್ತಾಳೆ. ಸೆಲ್ವಿಯ ಫೋನ್ ಬಂತು. ಅಲ್ಲಿ ಮಧ್ಯಾಹ್ನ, ಊಟದ ಹೊತ್ತು.

“ಅಕ್ಕಾ, ಒನ್ ಪ್ಯಾಕ್ಸ್ ಮಿಸ್ಸಿಂಗ್ ಲಾ.”

ಪ್ಯಾಕ್ಸ್ ಎಂದರೆ ನಮ್ಮ ವೃತ್ತಿಯಲ್ಲಿ ಪ್ರಯಾಣಿಕರು. ಹೆಸರು ಕೇಳಿದೆ. ಡಾಕ್ಟರ್ ವಸಂತಿ ಎಂದಳು. ಹಡಗು ಉಗ್ಲಿಚ್ ಬಿಟ್ಟು ಒಂದು ಗಂಟೆಯ ಮೇಲಾಗಿತ್ತು. ನಾಗರಾಜ್ ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಸಿಕ್ಕಿಸಿದ್ದರು, ವಸಂತಿಯವರದ್ದೂ ಸೇರಿ. ಬೋರ್ಡು ತುಂಬಿತ್ತು. ಊಟದ ಮೇಜಿಗೆ ರಾವ್ ಸರ್ ಒಬ್ಬರೇ ಬಂದು, ಸೂಪು ಮುಗಿಸಿ, ಆಮೇಲೆ ಸೆಲ್ವಿಯನ್ನು ಕರೆದು, “ನನ್ನ ಹೆಂಡತಿ ಹಡಗಿನಲ್ಲಿ ಇಲ್ಲ ಅಂತ ಕಾಣ್ತದೆ” ಎಂದರಂತೆ. ಹಿಂದೆ ನಾಗರಾಜ್ ಅವರ ದನಿ ಕೇಳುತ್ತಿತ್ತು: “ನಾನ್ ನೋಡ್ಬೇಕಿತ್ತು ಸರ್, ತಲೆ ಎಣಿಸ್ಬೇಕಿತ್ತು, ಥೂ ನನ್ನ.” ರಾವ್ ಸರ್ ಸಮಾಧಾನದಿಂದ ಹೇಳುತ್ತಿದ್ದರು: “ಇಲ್ಲ ನಾಗರಾಜ್, ನಿಮ್ಮದೇನೂ ತಪ್ಪಿಲ್ಲ. ನಿಮ್ಮದೇನೂ ಇಲ್ಲ.” ದೊಡ್ಡ ಮನುಷ್ಯ ಎಂದುಕೊಂಡೆ.

ಹಡಗನ್ನು ತಿರುಗಿಸಲು ಆಗುವುದಿಲ್ಲ. ಆದರೆ ಮುಂದಿನ ಊರು ಯಾರೋಸ್ಲಾವ್ಲ್‌ಗೆ ನದಿ ದೊಡ್ಡ ಸುತ್ತು ಹಾಕಿ ಹೋಗುತ್ತದೆ; ರಸ್ತೆಯಲ್ಲಿ ಎರಡು ತಾಸಿನ ದಾರಿ. ಆಕೆಯನ್ನು ಹುಡುಕಿದರೆ ಹಡಗಿಗಿಂತ ಮೊದಲೇ ತಲುಪಿಸಬಹುದಿತ್ತು. ಹುಡುಕುವುದೇ ಕಷ್ಟ. ಊರಿನಲ್ಲಿ ಅಂದು ಇಂಟರ್ನೆಟ್ ಇರಲಿಲ್ಲ, ವಾಟ್ಸ್ಆಪ್ ನಡೆಯುತ್ತಿರಲಿಲ್ಲ, ಅವರ ಕೈಯಲ್ಲಿದ್ದದ್ದು ರೋಮಿಂಗ್ ಇಲ್ಲದ ಮಲೇಷ್ಯಾ ಸಿಮ್. ಮಾಸ್ಕೋದ ನಮ್ಮ ಪಾಲುದಾರರಿಗೆ ಫೋನ್ ಮಾಡಿದೆ. ಅವರು ಬೆಳಿಗ್ಗೆ ಗುಂಪನ್ನು ಸುತ್ತಾಡಿಸಿದ್ದ ಗೈಡ್ ಲ್ಯುದ್ಮಿಲಾ ಅವರ ಮನೆಗೆ ಮಾಡಿದರು. ಲ್ಯುದ್ಮಿಲಾ ನಿವೃತ್ತ ಇತಿಹಾಸದ ಟೀಚರ್. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಚರ್ಚಿನಲ್ಲಿ ಇಲ್ಲ, ದಡದಲ್ಲಿ ಇಲ್ಲ. ನದಿಯ ವಿಷಯ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾಸ್ಕೋದವರು ಪೊಲೀಸರಿಗೆ ತಿಳಿಸಲೇ ಎಂದು ಕೇಳಿದಾಗ ನಮ್ಮಿಬ್ಬರ ತಲೆಯಲ್ಲೂ ಇದ್ದದ್ದು ಅದೇ. ತಿಳಿಸಿ ಎಂದೆ. ತೋಸೆಯ ಪೊಟ್ಟಣ ಮೇಜಿನ ಮೇಲೆ ತಣ್ಣಗಾಯಿತು. ಪೊಲೀಸರಿಗೆ ಫೋನ್ ಹೋಗುವ ಮೊದಲೇ ಲ್ಯುದ್ಮಿಲಾ ಆಕೆಯನ್ನು ಊರೊಳಗಿನ ಬಸ್ ನಿಲ್ದಾಣದಲ್ಲಿ ಕಂಡರು. ಬೆಂಚಿನ ಮೇಲೆ ಕೂತಿದ್ದರು, ಬಸ್ಸಿಗೆ ಕಾಯುವವರ ಹಾಗೆ.

ಲ್ಯುದ್ಮಿಲಾ ಅವರ ಫೋನಿನಲ್ಲಿ ನಾನು ಮಾತಾಡಿದೆ.

“ಮೇಡಂ, ಸುಧಾ ಮಾತಾಡ್ತಿದ್ದೀನಿ, ಪೆಟಾಲಿಂಗ್ ಜಯಾ ಆಫೀಸಿಂದ. ಹುಷಾರಾಗಿದ್ದೀರಾ?”

“ಹುಷಾರುಂಟು. ಒಬ್ಬ ಹುಡುಗ ಹೋದ ಸುಧಾ. ಎಡಗಾಲು ಸ್ವಲ್ಪ ಹೊರಗೆ ಎಸೆದು ನಡೆಯುವುದು. ನಮ್ಮವನಿಗೆ ಐದನೇ ಕ್ಲಾಸಿನಲ್ಲಿ ಪಾದದ ಗಂಟು ಮುರಿದಿತ್ತಲ್ಲ, ಅದೇ ನಡಿಗೆ. ನಾನು ಗೇಟ್ ಪಾಠ ಮಾಡುವವಳು, ಮನುಷ್ಯರು ಹೇಗೆ ನಡೆಯುತ್ತಾರೆ ಅಂತ. ಸಾವಿರ ಜನದಲ್ಲಿ ಆ ಕಾಲು ನನಗೆ ಗೊತ್ತಾಗ್ತದೆ.”

ಅವರೇ ಮುಂದುವರಿಸಿದರು:

“ಅಲ್ಲ ಅಂತ ಗೊತ್ತಿತ್ತು. ನನಗೇನು ಮರುಳಾ? ಗೊತ್ತಿದ್ದೇ ಹಿಂದೆ ಹೋದೆ. ಹಾರ್ನ್ ಕೇಳಿತು. ನಿಲ್ಲಲಿಲ್ಲ. ಮುಂದೆ ದಾಟಿ ಹೋಗಿ ಮುಖ ನೋಡಬಹುದಿತ್ತು, ಅದೂ ಮಾಡಲಿಲ್ಲ. ಮುಖ ಕಂಡರೆ ಮುಗೀತಲ್ಲ. ಇಷ್ಟು ದೂರ ಹಿಂದೆಯೇ ನಡೆದೆ. ಬಸ್ಸು ಹತ್ತಿ ಹೋದ.” ಮತ್ತೆ ದನಿ ಬದಲಾಯಿಸಿ, “ಇವರು ಊಟ ಮಾಡಿದ್ರಾ? ಶುಗರ್ ಉಂಟು, ಹೊತ್ತು ತಪ್ಪಿದ್ರೆ ಕಷ್ಟ” ಎಂದರು.

ಲ್ಯುದ್ಮಿಲಾ ಅವರೇ ಕಾರಿನಲ್ಲಿ ಜೊತೆಗೆ ಕೂತು ಯಾರೋಸ್ಲಾವ್ಲ್‌ವರೆಗೆ ಹೋದರು. ಹಡಗು ಬಂದಾಗ ವಸಂತಿಯವರು ಹಡಗುಕಟ್ಟೆಯಲ್ಲಿ ನಿಂತಿದ್ದರು. ಗುಂಪಿನವರು ಚಪ್ಪಾಳೆ ತಟ್ಟಿದರಂತೆ. ಗಂಡಹೆಂಡತಿ ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ ಎಂದು ಸೆಲ್ವಿ ಹೇಳಿದಳು.

ಮರಳಿದ ಮೇಲೆ ಇಬ್ಬರೂ ಆಫೀಸಿಗೆ ಬಂದರು, ಥ್ಯಾಂಕ್ಸ್ ಹೇಳಲು. ವಸಂತಿಯವರು ಲವಲವಿಕೆಯಿಂದ ಕಥೆ ಹೇಳಿದರು. ಚರ್ಚಿನೊಳಗೆ ಚಿತ್ರಗಳನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ, ಹಾರ್ನ್ ಕೇಳಲೇ ಇಲ್ಲ, ಹೊರಬಂದು ನೋಡಿದರೆ ಹಡಗಿಲ್ಲ, ಬಸ್ಸಾದರೂ ಸಿಗುತ್ತದೇನೋ ಎಂದು ನಿಲ್ದಾಣ ಹುಡುಕಿಕೊಂಡು ಹೋದೆ ಎಂದರು. ಹೇಳುವಾಗ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ. ಅಷ್ಟರಲ್ಲಿ ಅವರು ಅದನ್ನು ಹಲವರಿಗೆ ಹೇಳಿರಬೇಕು. ಹೇಳುತ್ತಾ ಹೇಳುತ್ತಾ ಅದು ಗಟ್ಟಿಯಾಗಿತ್ತು. ನನ್ನ ಮಳೆಯೂ ಹಾಗೆಯೇ ಗಟ್ಟಿಯಾಗಿರಬಹುದು.

ಮುಂದಿನ ವಾರ ರಾವ್ ಸರ್ ಒಬ್ಬರೇ ಬಂದರು. ಕುರ್ಚಿಯ ತುದಿಯಲ್ಲಿ ಕೂತರು.

“ಸುಧಾ, ಅವಳು ಸಿಕ್ಕಿದ ಕೂಡಲೇ ಮೊದಲು ಮಾತಾಡಿದ್ದು ನೀವು. ಎಂತ ಹೇಳಿದ್ಲು?”

ವಸಂತಿಯವರು ನನ್ನೆದುರು ಹೇಳಿದ್ದನ್ನೇ ಹೇಳಿದೆ. ಚರ್ಚು, ಚಿತ್ರಗಳು, ಕೇಳದ ಹಾರ್ನ್. ಒಬ್ಬರು ಫೋನಿನಲ್ಲಿ ಹೇಳಿದ್ದನ್ನು ಅವರ ಮನೆಯವರಿಗೂ ಒಪ್ಪಿಸಬಾರದು ಎನ್ನುವುದು ನಮ್ಮ ಕೆಲಸದ ನಿಯಮ.

ಅವರು ತಲೆಯಾಡಿಸಿದರು. “ಹುಡುಗನ ಬಗ್ಗೆ ಏನೂ ಹೇಳಲಿಲ್ಲ?”

ಗೊತ್ತಿಲ್ಲದವಳ ಹಾಗೆ ಕೇಳಿದೆ: “ಯಾವ ಹುಡುಗ ಸರ್?”

“ನಾನು ಮೇಲೆ ಡೆಕ್‌ನಲ್ಲಿ ನಿಂತಿದ್ದೆ. ದಡದಿಂದ ಊರೊಳಗೆ ಹತ್ತುವ ದಾರಿಯಲ್ಲಿ ಒಬ್ಬ ಹೋಗ್ತಿದ್ದ. ಬೆನ್ನು ಮಾತ್ರ ಕಾಣ್ತಿತ್ತು. ಆ ಕಾಲು. ಹತ್ತು ಮಾರು ಹಿಂದೆ ವಸಂತಿ. ಹಾರ್ನ್ ಆಯ್ತು, ಹಗ್ಗ ಬಿಚ್ಚಿದ್ರು.” ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. “ಅವಳು ಹೇಳಲಿಲ್ಲ ಅಂದ್ರೆ ನನಗೊಬ್ಬನಿಗೇ ಕಂಡದ್ದು. ವಯಸ್ಸಾಯ್ತಲ್ಲ.” ಎದ್ದು ನಿಂತರು.

ನಿಯಮ ಇರುವುದು ಏತಕ್ಕೆ ಎಂದು ಆಗ ನಾನು ಯೋಚಿಸಲಿಲ್ಲ. “ಕೂತ್ಕೊಳ್ಳಿ ಸರ್” ಎಂದೆ. “ಅವರಿಗೂ ಕಂಡಿದೆ. ಎಡಗಾಲು ಅಂದ್ರು. ಹಾರ್ನ್ ಕೇಳಿತ್ತು ಅಂದ್ರು.”

ಅವರು ಮತ್ತೆ ಕೂತು, ಕಿಟಕಿಯಾಚೆ ಫೆಡರಲ್ ಹೈವೇ ಮೇಲಿನ ಕಾರುಗಳ ಸಾಲನ್ನು ನೋಡತೊಡಗಿದರು.

“ನೀವು ಯಾಕೆ ಕೂಗಲಿಲ್ಲ ಸರ್?”

“ಕೂಗಿದ್ರೆ ತಿರುಗಿ ಬರ್ತಿದ್ಲು. ಅವನ ಮುಖ ನೋಡಲಿ ಅಂತ ಬಿಟ್ಟೆ. ಪೆಟ್ಟಿಗೆ ತೆರೆಯಲಿಕ್ಕೆ ನಾನೇ ಬೇಡ ಹೇಳಿದ್ದು ಅವತ್ತು, ಅವಳು ನನ್ನ ಮಾತು ಕೇಳಿದ್ಲು. ನಮ್ಮಿಬ್ಬರಲ್ಲಿ ಒಬ್ಬರಾದ್ರೂ ನೋಡಲಿ ಅಂತ.” ಮತ್ತೆ ನನ್ನ ಕಡೆ ತಿರುಗಿದರು. “ನೋಡಿದ್ಲಂತಾ?”

“ಇಲ್ಲ ಸರ್. ನೋಡಬಾರದು ಅಂತಲೇ ಹಿಂದೆ ಉಳಿದರಂತೆ.”

ಅವರು ಕನ್ನಡಕ ಹಾಕಿಕೊಂಡರು. “ಒಳ್ಳೇದಾಯ್ತು” ಎಂದರು. ಬಾಗಿಲ ತನಕ ಹೋಗಿ, “ನಾನು ಬಂದದ್ದು ಅವಳಿಗೆ ಹೇಳ್ಬೇಡಿ. ಗೊತ್ತಾದ್ರೆ, ನೀವು ಯಾಕೆ ಕೂಗಲಿಲ್ಲ ಅಂತ ಅವಳೂ ಕೇಳ್ತಾಳೆ” ಎಂದರು.

ನಾನು ಹೇಳಿಲ್ಲ. ಕನ್ನಡ ಸಂಘದ ಊಟಗಳಲ್ಲಿ ಅವರಿಬ್ಬರೂ ಸಿಗುತ್ತಾರೆ, ಪಕ್ಕಪಕ್ಕ ಕೂರುತ್ತಾರೆ. ಚರ್ಚಿನ ಕಥೆಯನ್ನು ವಸಂತಿಯವರು ಹೊಸಬರಿಗೆ ಹೇಳುವಾಗ ರಾವ್ ಸರ್ ಸರಿಯಾದ ಜಾಗದಲ್ಲಿ ನಗುತ್ತಾರೆ. ಕೆಲಸ ಬಿಡುವ ಮುನ್ನ ಹೊಸಬರಿಗೆ ತರಬೇತಿ ಕೊಟ್ಟಾಗ ನಾನು ಒಂದು ಮಾತು ಸೇರಿಸಿದೆ: ಯಾರಾದರೂ ದಡದಲ್ಲಿ ಉಳಿದರೆ, ಹಡಗಿನ ಮೇಲಿದ್ದವರಿಗೆ ಏನು ಕಂಡಿತು ಎಂದು ಕೇಳಿ. ಒಂದೇ ಸಲ ಕೇಳಿ. ಅವರು ಹೇಳದಿದ್ದರೆ ಬಿಟ್ಟುಬಿಡಿ, ಆದರೆ ಕೇಳಿದ್ದೀರಿ ಎಂಬುದು ಅವರಿಗೆ ಗೊತ್ತಿರಲಿ. ಯಾವಾಗಲಾದರೂ ಬಂದು ಕೂತು ಹೇಳಲು ಅವರಿಗೊಂದು ಕುರ್ಚಿ ಬೇಕಾಗುತ್ತದೆ.